ನೆರೆ ಆಪಿಗೆ ನಾನು ಬರೆದ ಕನ್ನಡ

ಮೊನ್ನೆ ಆಯುಧಪೂಜೆಗೆಂದು ಟೈಪ್‌ರೈಟರಿನ ಮೇಲಿನ ಬಟ್ಟೆ ತೆಗೆದೆ. ಒಂದು ಕಾಲಕ್ಕೆ ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಹದಿನೆಂಟು ಯಂತ್ರಗಳಿದ್ದವು. ಈಗ ಉಳಿದಿರುವುದು ಇದೊಂದೇ, ಅದೂ ವರ್ಷಕ್ಕೊಮ್ಮೆ ಕುಂಕುಮ ಹಚ್ಚಿಸಿಕೊಳ್ಳುವುದಕ್ಕೆ. ಅದರ ಹೊಟ್ಟೆಯ ಕೆಳಗೆ ಒಂದು ಹಳದಿ ಚೀಟಿ ಅಂಟಿಕೊಂಡಿತ್ತು. ಹಿಂಬದಿಗೆ ಅಂಟು ಸವರಿರುವ, ಎಲ್ಲೆಂದರಲ್ಲಿ ಹಚ್ಚಿ ಬೇಕಾದಾಗ ಕಿತ್ತುಬಿಡಬಹುದಾದ ಚೀಟಿ. ಅದರ ಮೇಲೆ ದಪ್ಪ ಮಾರ್ಕರಿನಲ್ಲಿ ‘ನಂಬಿಕೆ?’ ಎಂದು ಬರೆದಿತ್ತು. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಚೆನ್ನಾಗಿತ್ತು, ಅಕ್ಷರ ಒಂದನೇ ಕ್ಲಾಸಿನ ಹುಡುಗರದಂತಿತ್ತು.

ಅದನ್ನು ಬರೆದವರು ಈಗ ಇನ್ಯಾವುದೋ ತಾಲ್ಲೂಕಿನಲ್ಲಿ ಇನ್ಯಾರದೋ ಗೋಡೆಗೆ ಇದೇ ಚೀಟಿ ಅಂಟಿಸುತ್ತಿರಬೇಕು. ಅವರು ನಾಲ್ಕು ತಿಂಗಳು ನನ್ನ ಮಹಡಿಯಲ್ಲಿ ಕೂತು ಕೊಳ್ಳೇಗಾಲ, ಹನೂರು, ಯಳಂದೂರಿನ ಜನರನ್ನು ಮೊಬೈಲಿನ ಮೂಲಕ ಒಬ್ಬರಿಗೊಬ್ಬರು ಹತ್ತಿರ ಮಾಡಲು ಹೊರಟಿದ್ದರು. ಮಾಡಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಬರೀ ಮಾಡದೆ ಹೋಗಿದ್ದರೆ ನಾನೂ ಇದನ್ನು ಬರೆಯಲು ಕೂರುತ್ತಿರಲಿಲ್ಲ. ಅವರು ಮಾಡಿದ್ದರಲ್ಲಿ ನನ್ನ ಕೈವಾಡವೂ ಇತ್ತು, ಅದೇ ನನಗೆ ಇವತ್ತಿಗೂ ನುಂಗಲಾಗದ ತುತ್ತು.

ನಾನು ಯಾರೆಂದರೆ, ಕೊಳ್ಳೇಗಾಲದಲ್ಲಿ ಮೂವತ್ತೊಂದು ವರ್ಷ ಟೈಪಿಂಗ್ ಕಲಿಸಿದವಳು. ಹೆಸರು ಶಾರದಾ, ಆದರೆ ಆ ಹೆಸರು ಗ್ಯಾಸಿನ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಓಡುವುದಿಲ್ಲ. ಊರಿಗೆಲ್ಲ ನಾನು ಟೈಪಿಂಗ್ ಮೇಡಂ. ಈ ಮೂರು ತಾಲ್ಲೂಕಿನ ಯಾವ ಕಚೇರಿಗೆ ಹೋದರೂ ಒಳಗಿನಿಂದ ಒಬ್ಬರಾದರೂ ಎದ್ದು ನಿಂತು, “ಬನ್ನಿ ಮೇಡಂ, ಕೂತ್ಕಳಿ” ಎನ್ನುತ್ತಾರೆ. ಅವರ ಬೆರಳಿನ ಮೇಲೆ ನಾನು ಸ್ಕೇಲಿನಲ್ಲಿ ಹೊಡೆದಿರುತ್ತೇನೆ. ಹೊಡೆತ ತಿಂದವರು ಏಳುತ್ತಾರೆ, ಹೊಡೆಯದೆ ಬಿಟ್ಟವರು ಫೈಲು ನೋಡುವಂತೆ ನಟಿಸುತ್ತಾರೆ. ಕಂಪ್ಯೂಟರು ಬಂದ ಮೇಲೆ ಇನ್‌ಸ್ಟಿಟ್ಯೂಟು ಮುಚ್ಚಿತು. ಮಹಡಿಯ ಹಾಲು ಖಾಲಿ ಬಿದ್ದಿತ್ತು.

ಅದನ್ನು ಬಾಡಿಗೆಗೆ ಕೇಳಿಕೊಂಡು ಬಂದವನು ನಿಖಿಲ್. ಬೆಂಗಳೂರಿನ ಒಂದು ಸಂಸ್ಥೆಯವನು. ಸಂಸ್ಥೆಯ ಹೆಸರು ಹೇಳಿದರೆ ಅವರಿಗೆ ಪ್ರಚಾರವಾದೀತು, ಬೇಡ. ಮೂವತ್ತರ ಆಸುಪಾಸು, ಒಳ್ಳೆಯ ಮೈಕಟ್ಟು, ಯಾರು ಏನು ಹೇಳಿದರೂ ತಲೆ ಒಂದು ಕಡೆಗೆ ವಾಲಿಸಿ ಕೇಳುವ ಅಭ್ಯಾಸ. ನಮ್ಮಲ್ಲಿ ಕಿವಿ ಮಂದವಾದವರು ಹಾಗೆ ಕೇಳುತ್ತಾರೆ. ಮೊದಲ ದಿನ ನಾನು ಅದನ್ನೇ ಅಂದುಕೊಂಡು ಗಟ್ಟಿಯಾಗಿ ಮಾತಾಡಿದೆ. ಆಮೇಲೆ ಗೊತ್ತಾಯಿತು, ಅದು ‘ಆಳವಾಗಿ ಕೇಳಿಸಿಕೊಳ್ಳುವುದು’, ಅದಕ್ಕೆ ಅವರಿಗೆ ತರಬೇತಿ ಕೊಟ್ಟಿರುತ್ತಾರೆ. ಅವನ ಜೊತೆ ಮೂವರಿದ್ದರು. ಅವರು ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಒಬ್ಬರಿಗೊಬ್ಬರು ಮೆಸೇಜು ಮಾಡಿಕೊಳ್ಳುತ್ತಿದ್ದರು, ಒಂದೇ ಮೇಜಿನ ಸುತ್ತ ಕೂತು. ಸಮುದಾಯ ಕಟ್ಟುವ ಕೆಲಸ ಹಾಗೆ ಶುರುವಾಯಿತು.

ಅವರು ಮಾಡಲಿದ್ದ ಆಪಿಗೆ ಮೊದಲೇ ಹೆಸರಿಟ್ಟುಕೊಂಡು ಬಂದಿದ್ದರು. ‘ನೆರೆ’. ನೆರೆಹೊರೆಯ ನೆರೆ. ನಾನು ನಿಖಿಲನಿಗೆ ಹೇಳಿದೆ, “ಅಪ್ಪಾ, ನಮ್ಮ ಕಡೆ ನೆರೆ ಅಂದರೆ ಹೊಳೆ ಉಕ್ಕಿ ಬರುವುದು. ನೆರೆ ಪರಿಹಾರ ಅಂತ ಪೇಪರಿನಲ್ಲಿ ಓದಿಲ್ಲವೆ?” ಅವನು ತಲೆ ವಾಲಿಸಿ ಕೇಳಿ, ಎರಡೂ ಅರ್ಥ ಇರುವುದೇ ಸೊಗಸು ಎಂದ. ಲೋಗೋ ಕೂಡ ಆಗಿಹೋಗಿತ್ತು.

ಆಪು ಬಿಟ್ಟ ವಾರದಲ್ಲಿ ಕಾವೇರಿಗೆ ನೀರು ಬಂತು. ದಡದ ಊರುಗಳ ತಗ್ಗಿನ ಗದ್ದೆಗಳು ಒಂದಿಷ್ಟು ಮುಳುಗಿದವು. ಮರುದಿನದಿಂದ ನೆರೆ ಆಪಿಗೆ ಜನ ಮುಗಿಬಿದ್ದು ಸೇರಿದರು. ಮೇಲಿನ ಹಾಲಿನಲ್ಲಿ ಕೇಕು ಕತ್ತರಿಸಿದ ಸದ್ದಾಯಿತು, ನನಗೂ ಒಂದು ತುಂಡು ಬಂತು. ಸಂಜೆಯ ಹೊತ್ತಿಗೆ ಜನ ಆಧಾರ್ ಕಾರ್ಡು, ಪಹಣಿ, ಮುಳುಗಿದ ಭತ್ತದ ಫೋಟೋ ಎಲ್ಲವನ್ನೂ ಅದರಲ್ಲಿ ತುಂಬಿಸಿದ್ದರು. ಮೂರನೆಯ ದಿನ ಒಬ್ಬ ಯಜಮಾನರು ಬಸ್ಸು ಹಿಡಿದು ಮಹಡಿ ಹತ್ತಿಯೇ ಬಂದರು. “ಸಾ, ನಮ್ದು ಎಲ್ಡೆಕ್ರೆ ಮುಳ್ಗೋಗದೆ. ಇದ್ರಲ್ಲಿ ಆಕಿವ್ನಿ. ಯಾವತ್ತು ಬತ್ತದೆ ದುಡ್ಡು?” ನಿಖಿಲ್ ಅವರಿಗೆ ಕೇಕು ಕೊಟ್ಟು, ಇದು ಸರ್ಕಾರದ್ದಲ್ಲ, ನೆರೆಯವರು ನೆರೆಯವರಿಗೆ ಸಹಾಯ ಮಾಡುವ ವೇದಿಕೆ ಎಂದು ವಿವರಿಸಿದ. ಅವರು ಪೂರ್ತಿ ಕೇಳಿ, “ಅಂಗಾದ್ರೆ ನಮ್ ನೆರೆಯವ್ನದೂ ಮುಳ್ಗೋಗದಲ್ಲಾ ಸಾ” ಎಂದು ಕೇಕು ತಿನ್ನದೆ ಎದ್ದು ಹೋದರು. ಆ ವಾರ ಸೇರಿದವರ ಲೆಕ್ಕ ಮಾತ್ರ ಅವರ ವರದಿಯಲ್ಲಿ ಹಾಗೇ ಉಳಿಯಿತು.

ಹನೂರಿನ ಕಾರ್ಯಾಗಾರದ ಕತೆ ಇದಕ್ಕೂ ಹಿಂದಿನದು. ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋಗಿದ್ದರು. ಅಜ್ಜೀಪುರ, ಕೌದಳ್ಳಿ ಕಡೆಯಿಂದ ಇಪ್ಪತ್ತು ಜನರನ್ನು ಕರೆಸಿ, ಛತ್ರದಲ್ಲಿ ನೆಲದ ಮೇಲೆ ದೊಡ್ಡ ಹಾಳೆ ಹಾಸಿ, ಕೈಗೆ ಬಣ್ಣದ ಕಡ್ಡಿ ಕೊಟ್ಟು, ನಿಮ್ಮ ಸಮುದಾಯದ ಚಿತ್ರ ಬರೆಯಿರಿ ಎಂದರು. ಮೊಮ್ಮಕ್ಕಳಿರುವ ಗಂಡಸರು ಕಾಲು ಮಡಚಿ ಕೂತು ಬಣ್ಣ ಹಚ್ಚಿದರು. ಊಟಕ್ಕೆ ಹೋಳಿಗೆ ಇದೆ ಎಂದು ಮೊದಲೇ ಹೇಳಿದ್ದರಿಂದ ಯಾರೂ ಎದ್ದು ಹೋಗಲಿಲ್ಲ.

ಕೌದಳ್ಳಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿರುವ ಒಬ್ಬ ಹಿರಿಯರಿದ್ದರು. ಅರ್ಧ ತಮಿಳು, ಅರ್ಧ ಕನ್ನಡ. ನಿಖಿಲ್ ಅವರ ಮುಂದೆ ಮೊಣಕಾಲೂರಿ ಕೂತು, ಸಂಜೆ ಹೊತ್ತು ಯಾರ ಜೊತೆ ಮಾತಾಡುತ್ತೀರಿ ಎಂದು ಕೇಳಿದ. ಯಾರು ಸಿಕ್ಕಿದರೆ ಅವರ ಜೊತೆ ಎಂದರು. ಯಾರೂ ಸಿಗದಿದ್ದರೆ ಎಂದು ಕೇಳಿದ. ಸುಮ್ಮನಿರುತ್ತೇನೆ ಎಂದರು. ನಿಖಿಲ್ ಹಳದಿ ಚೀಟಿ ತೆಗೆದು ‘ಒಂಟಿತನ’ ಎಂದು ಬರೆದು ಗೋಡೆಗೆ ಅಂಟಿಸಿದ. ಬೆಟ್ಟದ ದೇವರಿಗೆ ಹೋಗುವ ದಾರಿಯ ಆ ಅಂಗಡಿಯಲ್ಲಿ ಅವರಿಗೆ ದಿನಕ್ಕೆ ನೂರು ಜನ ಸಿಗುತ್ತಾರೆ. ಸುಮ್ಮನಿರಲು ಒಂದು ಗಳಿಗೆ ಸಿಕ್ಕಿದರೆ ಪುಣ್ಯ ಎಂದು ಅವರು ಹೇಳುತ್ತಿದ್ದರೇನೋ, ಅಷ್ಟರಲ್ಲಿ ಅವರ ಸರದಿ ಮುಗಿದಿತ್ತು.

ನಾನು ಇಷ್ಟೆಲ್ಲ ಆಡಿಕೊಳ್ಳುತ್ತಿದ್ದೇನಲ್ಲ, ಹಾಗಾದರೆ ಅವರ ಜೀಪಿನಲ್ಲಿ ನಾನೇಕೆ ಕೂತಿದ್ದೆ ಎಂದು ನೀವು ಕೇಳಬಹುದು. ಕೇಳಬೇಕು ಕೂಡ. ಅವರು ನನ್ನನ್ನು ಹೊಗಳಿದ್ದರು, ಅಷ್ಟೇ ವಿಷಯ. ಆಪಿನಲ್ಲಿ ಬರುವ ಮಾತುಗಳನ್ನೆಲ್ಲ ಬೆಂಗಳೂರಿನಲ್ಲಿ ಯಾರೋ ಕನ್ನಡಕ್ಕೆ ತಂದಿದ್ದರಂತೆ, ಅದು ಕಬ್ಬಿಣದ ಕಡಲೆಯಾಗಿತ್ತಂತೆ. “ಮೇಡಂ, ನಿಮ್ಮ ಕನ್ನಡ ಮನೆ ಕನ್ನಡ. ನಮಗೆ ಅದೇ ಬೇಕು” ಎಂದ ನಿಖಿಲ್. ಮೂವತ್ತೊಂದು ವರ್ಷ ಬೇರೆಯವರ ಅರ್ಜಿಗಳನ್ನೇ ಟೈಪು ಮಾಡಿದವಳಿಗೆ, ನಿನ್ನ ಮಾತನ್ನು ಸಾವಿರಾರು ಜನ ಬೆರಳಿನಲ್ಲಿ ಒತ್ತುತ್ತಾರೆ ಎಂದರೆ ಹೇಗಾಗಿರಬೇಡ. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಕನ್ನಡಕ ಒರೆಸಿಕೊಂಡು ಕೂತೆ.

ಕೆಲಸ ಸುಲಭವಿರಲಿಲ್ಲ. ಪರದೆಯ ಮೇಲೆ ಒತ್ತುವ ಗುಂಡಿಯ ಅಗಲ ಇಷ್ಟೇ, ಅದರೊಳಗೆ ನಾಲ್ಕೈದು ಅಕ್ಷರಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂದು ಮೊದಲೇ ಕಟ್ಟಳೆ ಹಾಕಿದ್ದರು. ‘ಲೈಕ್’ ಎನ್ನುವುದಕ್ಕೆ ‘ಸೈ’ ಎಂದು ಬರೆದೆ. ‘ಫಾಲೋ’ಗೆ ‘ಜೊತೆಗಿರಿ’. ಹೊಸ ಸುದ್ದಿ ಏನೂ ಇಲ್ಲದಿದ್ದಾಗ ಬರುವ ಸಾಲಿಗೆ ‘ನಿಮ್ಮ ನೆರೆ ಇಂದು ಶಾಂತವಾಗಿದೆ’. ನಿಖಿಲ್ ಒಂದೊಂದಕ್ಕೂ ಚಪ್ಪಾಳೆ ತಟ್ಟಿದ. ಮನೆಗೆ ಬಂದವರಿಗೆಲ್ಲ ನಾನು ಆ ಪಟ್ಟಿ ಓದಿ ಹೇಳಿದೆ. ಕೆಲಸದವಳಿಗೆ ಎರಡು ಸಲ ಓದಿದೆ.

ಆಮೇಲೆ ‘ಬ್ಲಾಕ್’ ಬಂತು. ಯಾರ ಸುದ್ದಿ ನಿಮಗೆ ಬೇಡವೋ ಅವರದು ಬರದಂತೆ ಮಾಡುವ ಗುಂಡಿ. ‘ನಿರ್ಬಂಧಿಸಿ’ ಎಂದರೆ ಅರ್ಕಾವೊತ್ತು, ಸೊನ್ನೆ ಸೇರಿ ಗುಂಡಿಯ ಅಂಚು ದಾಟುತ್ತಿತ್ತು, ಅದೂ ಪೊಲೀಸರ ಭಾಷೆ. ‘ಬಹಿಷ್ಕರಿಸಿ’ ಎಂದು ಬರೆಯುವಷ್ಟು ಮೂರ್ಖಳಲ್ಲ ನಾನು, ಆ ಪದ ಹಳ್ಳಿಗಳಲ್ಲಿ ಏನೆಂದು ಗೊತ್ತು. ಅರ್ಧ ದಿನ ಯೋಚಿಸಿದೆ. ನಮ್ಮಜ್ಜಿ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಒಂದು ಮಾತು ನೆನಪಾಯಿತು. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ತಾಗೀತು ಎಂದರೆ “ದೂರ ಇಡು”. ರೇಷ್ಮೆಹುಳದ ತಟ್ಟೆಯ ಹತ್ತಿರ ಹೊಗೆಸೊಪ್ಪು ಕಂಡರೆ “ದೂರ ಇಡು”. ಅಂಗಳದ ಚಪ್ಪಲಿ, ಬೆಕ್ಕಿನ ಬಟ್ಟಲು, ಎಲ್ಲದಕ್ಕೂ ಅದೇ. ಮೃದುವಾದ ಮಾತು, ಮನೆಯೊಳಗಿನ ಮಾತು, ಗುಂಡಿಯೊಳಗೂ ಸಲೀಸಾಗಿ ಕೂರುತ್ತದೆ. ‘ದೂರ ಇಡಿ’ ಎಂದು ಬರೆದೆ.

ಅಜ್ಜಿ ಇನ್ನೊಂದು ವಸ್ತುವನ್ನು ಕುರಿತೂ ಹಾಗೆನ್ನುತ್ತಿದ್ದರು. ಕೆಳಗಲ ಬೀದಿಯಿಂದ ಕೆಲಸಕ್ಕೆ ಬರುವವರಿಗೆಂದು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿದ್ದ ಲೋಟವನ್ನು ಕುರಿತು. ಅದು ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ. ಸುಳ್ಳಲ್ಲ, ನಿಜಕ್ಕೂ ನೆನಪಾಗಲಿಲ್ಲ. ನೆನಪಾಗದಿದ್ದುದಕ್ಕೆ ಯಾರನ್ನು ಬಯ್ಯಲಿ ಹೇಳಿ.

ಈ ಗುಂಡಿಯ ಜೊತೆ ಇನ್ನೊಂದು ಸಾಲು ಇತ್ತು. ಒಬ್ಬರು ಇನ್ನೊಬ್ಬರನ್ನು ಬ್ಲಾಕ್ ಮಾಡಿದರೆ, ಮಾಡಿಸಿಕೊಂಡವರಿಗೆ ಅದು ಗೊತ್ತಾಗಬೇಕಂತೆ. ಬೇರೆ ಆಪುಗಳಲ್ಲಿ ಗುಟ್ಟಾಗಿ ಇಡುತ್ತಾರೆ, ನಮ್ಮದು ಹಾಗಲ್ಲ, ಪಾರದರ್ಶಕತೆ ನಮ್ಮ ಮೌಲ್ಯ ಎಂದು ನಿಖಿಲ್ ವಿವರಿಸಿದ. ಮೌಲ್ಯ ಎಂದ ಮೇಲೆ ನಾನು ಎದುರು ಹೇಳಲಿಲ್ಲ. ‘ಈ ನೆರೆಯವರು ನಿಮ್ಮನ್ನು ದೂರ ಇಟ್ಟಿದ್ದಾರೆ’ ಎಂದು ಚೊಕ್ಕವಾಗಿ ಬರೆದುಕೊಟ್ಟೆ.

ಯಾರು ಯಾರಿಗೆ ನೆರೆ ಎಂಬುದನ್ನೂ ಅವರೇ ತೀರ್ಮಾನಿಸಿದ್ದರು. ನಕ್ಷೆಯ ಮೇಲೆ ಒಂದೊಂದು ಊರಿಗೂ ಒಂದು ದುಂಡನೆಯ ಗೆರೆ ಎಳೆದಿದ್ದರು, ಬಳೆ ಇಟ್ಟು ಎಳೆದ ಹಾಗೆ. ಅದರೊಳಗೆ ಇರುವವರೆಲ್ಲ ಒಬ್ಬರಿಗೊಬ್ಬರು ನೆರೆಯವರು. ನೂರಾರು ವರ್ಷದಿಂದ ಮೇಗಲ ಬೀದಿ, ಕೆಳಗಲ ಬೀದಿ ಎಂದು ಬೇರೆಯಾಗಿ ಬದುಕಿದ ಊರು ನಿಖಿಲನ ಬಳೆಯೊಳಗೆ ಒಂದೇ ಮಧ್ಯಾಹ್ನದಲ್ಲಿ ಒಂದಾಯಿತು. ಊಟಕ್ಕೆ ಹೋಗುವ ಮೊದಲೇ ಅವನು ಹದಿನೈದು ಊರು ಮುಗಿಸಿದ್ದ.

ಅದರಲ್ಲಿ ನನ್ನ ತವರೂ ಒಂದು. ಯಳಂದೂರಿನ ಕಡೆಯ ಊರು, ಹೆಸರು ಬೇಡ. ಅಲ್ಲಿ ಮೇಗಲ ಬೀದಿಯಲ್ಲಿ ನಮ್ಮ ಮನೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಗಿರಿಜಮ್ಮ ಜಮೀನನ್ನೂ ಮನೆಯನ್ನೂ ಗಟ್ಟಿಯಾಗಿ ನಡೆಸಿಕೊಂಡು ಹೋಗುತ್ತಿದ್ದಾರೆ. ಅದೇ ಊರಿನ ಕೆಳಗಲ ಬೀದಿಯವಳು ಚಿಕ್ಕತಾಯಿ.

ಚಿಕ್ಕತಾಯಿ ನನ್ನ ವಿದ್ಯಾರ್ಥಿನಿ. ಇಪ್ಪತ್ತು ವರ್ಷದ ಹಿಂದೆ ಮೊದಲ ಬಸ್ಸಿಗೆ ಹೊರಟು ಏಳು ಗಂಟೆಯ ಕ್ಲಾಸಿಗೆ ಬರುತ್ತಿದ್ದಳು. ಅವಳ ಬೆರಳಿಗೆ ನಾನು ಹೊಡೆಯಬೇಕಾಗಿ ಬರಲೇ ಇಲ್ಲ. ಅವಳು ಟೈಪು ಮಾಡಲು ಕೂತರೆ ಅಕ್ಕಪಕ್ಕದವರು ಕೈ ನಿಲ್ಲಿಸಿ ಕೇಳುತ್ತಿದ್ದರು, ಜಿಟಿಮಳೆ ಬಿದ್ದ ಹಾಗೆ ಒಂದೇ ಸಮ. ಸೀನಿಯರ್ ಪರೀಕ್ಷೆ ಒಂದೇ ಸಲಕ್ಕೆ ಪಾಸಾದಳು. ಈಗ ಅವರ ಪಂಚಾಯಿತಿಯಲ್ಲೇ ಕಂಪ್ಯೂಟರಿನ ಕೆಲಸ.

ನೆರೆ ಆಪನ್ನು ಮನಸ್ಸಿಟ್ಟು ಬಳಸಿದವಳು ಅವಳೊಬ್ಬಳೇ ಇರಬೇಕು. ಮಿಕ್ಕವರು ಬೆಳಗಿನ ಶುಭೋದಯ, ಗುಲಾಬಿ ಹೂವು, ಮಾರಾಟಕ್ಕಿರುವ ಹಳೇ ಬೈಕು ಹಾಕುತ್ತಿದ್ದರು. ಚಿಕ್ಕತಾಯಿ ಹಾಕಿದ್ದು ಇಷ್ಟು: ಭಾನುವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಲೈಬ್ರರಿಯ ಜಗಲಿಯಲ್ಲಿ ಕೂತು ಪಿಂಚಣಿ, ರೇಷನ್ ಕಾರ್ಡು, ಬೆಳೆವಿಮೆಯ ಫಾರಂಗಳನ್ನು ತುಂಬಿಕೊಡುತ್ತೇನೆ, ಯಾವ ಬೀದಿಯವರಾದರೂ ಬನ್ನಿ. ಕಚೇರಿಯ ದಿನಗಳಲ್ಲಿ ಕರೆಂಟು, ಸರ್ವರು, ಸಾಹೇಬರು ಮೂರೂ ಒಟ್ಟಿಗೆ ಇರುವುದು ಅಪರೂಪ, ಮುದುಕರು ನಾಲ್ಕು ಸಲ ಅಲೆಯುತ್ತಾರೆ, ಅದಕ್ಕೇ ಹಾಗೆ ಮಾಡಿದ್ದಂತೆ. ನಿಖಿಲ್ ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನನಗೆ ತೋರಿಸಿದ. ಅವನಿಗೆ ಅಂಥದ್ದೊಂದು ಬೇಕಾಗಿತ್ತು. ನನ್ನ ಶಿಷ್ಯೆ ಎಂದು ನಾನೂ ಬೀಗಿದೆ.

ಎರಡು ವಾರ ಕಳೆದು ಒಂದು ಸಂಜೆ ಚಿಕ್ಕತಾಯಿ ನನ್ನ ಮನೆಗೆ ಬಂದಳು. ಕೊಳ್ಳೇಗಾಲಕ್ಕೆ ಏನೋ ಕೆಲಸದ ಮೇಲೆ ಬಂದಿದ್ದೆ ಎಂದಳು. ಕೂತು ನೀರು ಕುಡಿದು, ನನ್ನ ಮಂಡಿನೋವು ವಿಚಾರಿಸಿ, ಆಮೇಲೆ ಮೊಬೈಲು ತೆಗೆದು ನನ್ನ ಕೈಗೆ ಕೊಟ್ಟಳು.

ಪರದೆಯ ತುಂಬ ಒಂದೇ ಸಾಲು. ‘ಈ ನೆರೆಯವರು ನಿಮ್ಮನ್ನು ದೂರ ಇಟ್ಟಿದ್ದಾರೆ.’ ಅದರ ಕೆಳಗೆ ಹೆಸರು. ಮತ್ತೆ ಅದೇ ಸಾಲು, ಕೆಳಗೆ ಇನ್ನೊಂದು ಹೆಸರು. ಬೆರಳಿನಿಂದ ಸರಿಸುತ್ತ ಹೋದೆ. ಹದಿನಾಲ್ಕು ಇದ್ದವು, ಎಲ್ಲ ಮೇಗಲ ಬೀದಿಯವರದೇ. ಒಂಬತ್ತನೆಯದು ನಮ್ಮ ಅತ್ತಿಗೆಯ ಹೆಸರು.

“ಇದ್ರಲ್ಲಿರೋ ಕನ್ನಡ ನೀವೇ ಬರ್ದಿದ್ದಂತಲ್ಲ ಮೇಡಂ” ಎಂದಳು.

ಹೌದು ಎಂದೆ. ಏನಾದರೂ ಹೇಳಬೇಕಿತ್ತು, ಹೇಳಿದೆ. ಆಪಿನ ಗಂಟೆ ಯಾವಾಗಲೂ ಬಡಿದುಕೊಳ್ಳುತ್ತಿರುತ್ತದೆ, ಆ ಸದ್ದು ಬೇಡವೆಂದು ಯಾವುದೋ ಗುಂಡಿ ಒತ್ತಿರಬೇಕು, ನಮ್ಮ ಜನಕ್ಕೆ ಇದೆಲ್ಲ ಎಲ್ಲಿ ಗೊತ್ತಾಗುತ್ತದೆ ಎಂದೆ.

ಅವಳು “ಬೈಕ್ ಮಾರೋರ್ದೂ ಗಂಟೆ ಒಡೀತಿತ್ತು ಮೇಡಂ. ಅವ್ರನ್ನ ಯಾರೂ ದೂರ ಇಡ್ನಿಲ್ಲ” ಎಂದಳು.

ನಾನು ಮೊಬೈಲು ಹಿಂದಕ್ಕೆ ಕೊಟ್ಟೆ. ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಸಿಟ್ಟು ಇರಲಿಲ್ಲ, ಅಳುವೂ ಇರಲಿಲ್ಲ. ಟೈಪು ಮಾಡಿದ ಹಾಳೆಯಲ್ಲಿ ತಪ್ಪು ತೋರಿಸುವ ಹಾಗೆ ಹೇಳಿದಳು. “ನಮ್ಮೂರಲ್ಲಿ ಈಗೀಗ ಬಾಯಲ್ಲಿ ಯಾರೂ ಅಂಗ್ ಅಂತಿರ್ನಿಲ್ಲ ಮೇಡಂ. ಆಫೀಸ್ಗ್ ಬತ್ತಾರೆ, ಮಾತಾಡುಸ್ತಾರೆ. ಮನಸಲ್ಲಿ ಇದ್ದುದ್ದು ಮನಸಲ್ಲೇ ಇರ್ತಿತ್ತು. ನೀವು ಅದ್ನ ಬರ್ದು ಕೊಟ್ರಿ.”

ಅವಳು ಹೋದ ಮೇಲೆ ನಾನು ಮಹಡಿ ಹತ್ತಿದೆ. ಮಂಡಿಯ ನೋವು ಆವತ್ತು ಗೊತ್ತಾಗಲಿಲ್ಲ. ನಿಖಿಲನಿಗೆ ನಡೆದದ್ದೆಲ್ಲ ಹೇಳಿದೆ. ಅವನು ತಲೆ ವಾಲಿಸಿ, ಕಣ್ಣು ಅರ್ಧ ಮುಚ್ಚಿ ಕೇಳಿದ. ಕೊನೆಗೆ ಉದ್ದ ಉಸಿರು ಬಿಟ್ಟು, “ಮೇಡಂ, ಇದು ಎಂಥ ಇನ್‌ಸೈಟ್” ಎಂದ. ಅವನ ಮುಖದಲ್ಲಿದ್ದದ್ದು ನೋವಲ್ಲ, ಸಂತೋಷ. ನೆಲ ಅಗೆಯುವಾಗ ನಾಣ್ಯ ಸಿಕ್ಕಿದವನ ಸಂತೋಷ. ಚಿಕ್ಕತಾಯಿಯ ಮಾತನ್ನು ಅವಳ ಬಾಯಲ್ಲೇ ವಿಡಿಯೋ ಮಾಡಿಕೊಳ್ಳಬಹುದೆ, ಹಿಂದೆ ಅವಳ ಬೀದಿ ಕಾಣುವ ಹಾಗೆ, ಎಂದು ಕೇಳಿದ. ಅವರಿಗೆ ಹಣ ಕೊಡುವವರಿಗೆ ತೋರಿಸಲು ಬೇಕಂತೆ. ಅವಳನ್ನು ಕೇಳಿದನೋ ಇಲ್ಲವೋ ತಿಳಿಯದು. ಕೇಳಿದ್ದರೂ ಅವಳು ಒಪ್ಪಿರಲಾರಳು. “‘ದೂರ ಇಡಿ’ ಅನ್ನುವುದನ್ನು ಮೊದಲು ಬದಲಾಯಿಸಿ, ಜನಕ್ಕೆ ಆ ಸಾಲು ಹೋಗುವುದನ್ನೇ ನಿಲ್ಲಿಸಿ” ಎಂದೆ. ಸಾಲನ್ನು ನಿಲ್ಲಿಸುವುದು ಮುಂದಿನ ಆವೃತ್ತಿಯಲ್ಲಿ ನೋಡಬೇಕು, ಪದವನ್ನು ಇವತ್ತೇ ಬದಲಾಯಿಸಬಹುದು ಎಂದ.

ನನ್ನನ್ನು ಕೇಳದೆ ಬದಲಾಯಿಸಿದರು, ಕಂಪ್ಯೂಟರಿನಿಂದಲೇ ಅನುವಾದ ಮಾಡಿಸಿ. ಮರುದಿನದಿಂದ ‘ಈ ನೆರೆಯವರು ನಿಮ್ಮನ್ನು ತಡೆಗಟ್ಟಿದ್ದಾರೆ’ ಎಂದು ಬರತೊಡಗಿತು. ನಮ್ಮಲ್ಲಿ ಮಲೇರಿಯಾವನ್ನು ತಡೆಗಟ್ಟುತ್ತಾರೆ, ಡೆಂಗಿಯನ್ನು ತಡೆಗಟ್ಟುತ್ತಾರೆ. ಆಸ್ಪತ್ರೆಯ ಗೋಡೆಯ ಮೇಲೆ ಸೊಳ್ಳೆಯ ಚಿತ್ರದ ಪಕ್ಕದಲ್ಲಿ ಬರೆದಿರುತ್ತದೆ.

ಆ ವಾರವೇ ತವರಿಗೆ ಹೋದೆ. ಬಸ್ಸಿನಲ್ಲಿ ಕೂತು ಅತ್ತಿಗೆಗೆ ಏನೇನು ಹೇಳಬೇಕೆಂದು ಜೋಡಿಸಿಕೊಂಡೆ. ಒಳ್ಳೊಳ್ಳೆಯ ಮಾತುಗಳು, ಕೆಲವು ವಚನಗಳೂ ಇದ್ದವು. ನಾವು ವಚನ ಹೇಳುವ ಮನೆತನದವರು, ಅದರಲ್ಲಿ ಕೊರತೆಯಿಲ್ಲ.

ಅತ್ತಿಗೆ ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತಿದ್ದರು. ನಾನೂ ಎದುರು ಕೂತು ಕೈ ಹಾಕಿದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿಯೇಬಿಟ್ಟೆ. “ಅತ್ತಿಗೆ, ಆ ಆಪಿನಲ್ಲಿ ಚಿಕ್ಕತಾಯಿನ ದೂರ ಇಟ್ಟಿದ್ದೀರಂತೆ.”

ಅವರು ಮುಚ್ಚಿಡಲಿಲ್ಲ. ಇಟ್ಟಿದ್ದೇನೆ ಎಂದರು. ಅವಳ ಮೇಲೆ ತಮಗೆ ಯಾವ ದ್ವೇಷವೂ ಇಲ್ಲ, ಕಚೇರಿಯಲ್ಲಿ ಸಿಕ್ಕಿದರೆ ಮಾತಾಡಿಸುತ್ತೇನೆ, ತಮ್ಮ ಪಿಂಚಣಿ ಮಾಡಿಸಿಕೊಟ್ಟವಳೂ ಅವಳೇ ಎಂದರು. ಆದರೆ ಮೊಬೈಲು ತೆಗೆದರೆ ‘ನಿಮ್ಮ ನೆರೆ’ ಎಂದು ಮೊದಲು ಅವಳ ಮುಖ ಬರುತ್ತಿತ್ತಂತೆ. ಪಕ್ಕದ ಮನೆಯವರು ಮೊದಲು ಒತ್ತಿದರಂತೆ, ಅವರು ಒತ್ತಿದ ಮೇಲೆ ಇವರು ಒತ್ತದಿದ್ದರೆ ಏನಂದುಕೊಳ್ಳುತ್ತಾರೆ. ಹೀಗೆ ಹೇಳುತ್ತ ಹೇಳುತ್ತ ಕಾಳಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು.

“ಅಲ್ಲ ಕಣೆ ಶಾರದಾ, ಆ ಬಟನ್ನು ನೀನೇ ಬರ್ದುದ್ದು ಅಂತ ಊರ್ಗೆಲ್ಲಾ ಯೇಳ್ಕಂಡು ಬಂದಿದ್ದೆ. ಒತ್ತಕ್ಕೆ ತಾನೆ ಕೊಟ್ಟಿರೋದು?”

ಜೋಡಿಸಿಕೊಂಡಿದ್ದ ಮಾತು, ವಚನ ಎಲ್ಲ ನುಂಗಿ, ಹಿದುಕಿದವರೆ ಸಾರಿನಲ್ಲಿ ಎರಡು ಮುದ್ದೆ ಉಂಡೆ. ಅತ್ತಿಗೆ ಕಟ್ಟಿಕೊಟ್ಟ ತೆಂಗಿನಕಾಯಿಯನ್ನೂ ತೆಗೆದುಕೊಂಡು ಸಂಜೆಯ ಬಸ್ಸಿಗೆ ವಾಪಸು ಬಂದೆ. ನಿಖಿಲನನ್ನು ನಾನು ಎಷ್ಟು ಬೈದರೂ, ಅವನು ಮಾಡದ ಒಂದು ಕೆಲಸವನ್ನು ನಾನು ಆವತ್ತು ಮಾಡಿದೆ. ತಿಳಿದೂ ತಿಳಿದೂ ಉಂಡು ಬಂದೆ.

ಮುಂದಿನ ತಿಂಗಳು ಅವರು ಹಾಲು ಖಾಲಿ ಮಾಡಿದರು. ಗೋಡೆಯ ಚೀಟಿಗಳನ್ನು ಕಿತ್ತು, ಅವು ಇದ್ದ ಕ್ರಮದಲ್ಲೇ ಫೋಟೋ ತೆಗೆದುಕೊಂಡು, ಸಣ್ಣ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು. ಎಲ್ಲೋ ದೊಡ್ಡ ಸಮ್ಮೇಳನದಲ್ಲಿ ನಮ್ಮ ಮೂರು ತಾಲ್ಲೂಕಿನ ಮೇಲೆ ನಿಖಿಲ್ ಮಾತಾಡಿದನಂತೆ. ವರದಿ ಕಳಿಸಿದ್ದ. ಅದರ ಕೊನೆಯ ಪುಟದಲ್ಲಿ ನನಗೆ ಧನ್ಯವಾದ ಇತ್ತು, ‘ಭಾಷಾ ಮುಖ್ಯಸ್ಥರು’ ಎಂಬ ಬಿರುದಿನ ಜೊತೆ. ಆಪು ಮಾತ್ರ ಇನ್ನೂ ಸತ್ತಿಲ್ಲ. ಯಾರೂ ಇಲ್ಲದ ಮನೆಯಲ್ಲಿ ಹಾಕಿಬಿಟ್ಟು ಹೋದ ರೇಡಿಯೋದಂತೆ ಬೆಳಿಗ್ಗೆ ಎದ್ದರೆ ಸಾಕು, ‘ನಿಮ್ಮ ನೆರೆ ಇಂದು ಶಾಂತವಾಗಿದೆ’ ಎನ್ನುತ್ತದೆ.

ಚಿಕ್ಕತಾಯಿ ಭಾನುವಾರದ ಕೆಲಸ ಬಿಟ್ಟಿರಲಿಲ್ಲ. ರಟ್ಟಿನ ಮೇಲೆ ಬರೆದು ಲೈಬ್ರರಿಯ ಕಂಬಕ್ಕೆ ಕಟ್ಟಿದ್ದಳು, ಅಷ್ಟೇ. ಜನ ಬರುತ್ತಿದ್ದರು, ಮೇಗಲ ಬೀದಿಯವರು ಬಿಟ್ಟು. ಅವರು ಸೋಮವಾರ ಕಚೇರಿಗೆ ಹೋಗಿ ಅದೇ ಚಿಕ್ಕತಾಯಿಯ ಕೈಯಲ್ಲಿ ಅದೇ ಫಾರಂ ತುಂಬಿಸುತ್ತಿದ್ದರು. ಇದು ನನಗೆ ಬಸ್ಸಿನಲ್ಲಿ ಸಿಕ್ಕಿದ ಆ ಊರಿನವರಿಂದ ತಿಳಿಯಿತು. ತಿಳಿದು ಮೂರು ಭಾನುವಾರ ಮನೆಯಲ್ಲೇ ಕೂತೆ. ನಾಲ್ಕನೆಯ ಭಾನುವಾರ ಹೋದೆ.

ಅವಳು ನನ್ನನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. ಪಕ್ಕದ ಚಾಪೆ ತೋರಿಸಿ, ಕಣ್ಣು ಕಾಣದವರಿಗೆ ಫಾರಂ ಓದಿ ಹೇಳಿ ಎಂದು ಕೆಲಸ ಕೊಟ್ಟಳು. ನಾನು ಓದಿದೆ. ತಂದೆಯ ಹೆಸರು, ಗಂಡನ ಹೆಸರು, ವಾಸದ ವಿಳಾಸ. ಅವಳು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಿದ್ದಳು, ಅದೇ ಕೈ, ಅದೇ ಒಂದೇ ಸಮ.

ಮಧ್ಯಾಹ್ನ ಒಂದು ಗಂಟೆಗೆ ಅತ್ತಿಗೆ ಬಂದರು. ನಾನು ಊರಿಗೆ ಬಂದು ಮನೆಗೆ ಬಾರದೆ ಇಲ್ಲಿ ಕೂತಿರುವುದು ಅಷ್ಟರಲ್ಲಿ ಸುದ್ದಿಯಾಗಿತ್ತು. ಅವರು ಜಗಲಿ ಹತ್ತಲಿಲ್ಲ, ರಸ್ತೆಯಲ್ಲೇ ನಿಂತು ಊಟಕ್ಕೆ ಬಾ ಎಂದು ಕರೆದರು. ಅತ್ತಿಗೆಯ ಮುಖ ನೋಡಿದೆ. ಅವರು ಕೋಪದಿಂದ ಕರೆದಿರಲಿಲ್ಲ. ಬಿಸಿಲಿನಲ್ಲಿ ನಡೆದು ಬಂದು ಪ್ರೀತಿಯಿಂದಲೇ ಕರೆದಿದ್ದರು. ಅದರಿಂದ ಹೇಳುವುದು ಇನ್ನೂ ಕಷ್ಟವಾಯಿತು.

“ನೀವು ಉಣ್ಣಿ ಅತ್ತಿಗೆ. ನಾನು ಇವತ್ತು ಚಿಕ್ಕತಾಯಿ ಮನೆಯಲ್ಲಿ ಉಣ್ಣುತ್ತೇನೆ” ಎಂದೆ.

ಚಿಕ್ಕತಾಯಿ ನನ್ನನ್ನು ಕರೆದೇ ಇರಲಿಲ್ಲ. ಹೇಳಿದ ಮೇಲೆ ನನಗೆ ಅದು ಹೊಳೆಯಿತು. ಅತ್ತಿಗೆ ತಿರುಗಿ ಹೋದರು. ಆ ಮನೆಯಲ್ಲಿ ಅವರು ನನಗೆ ಆಮೇಲೆ ಎಲೆ ಹಾಕಿಲ್ಲ. ಈ ವರ್ಷದ ಗೌರಿ ಬಾಗಿನವೂ ಬರಲಿಲ್ಲ. ಚಿಕ್ಕತಾಯಿ ಪರದೆಯಿಂದ ಕಣ್ಣು ತೆಗೆಯದೆ ಆ ಸಾಲು ಮುಗಿಸಿ, “ಇನ್ನ ಎಲ್ಡ್ ಫಾರಂ ಅವೆ ಮೇಡಂ, ಮುಗುಸ್ಕಂಡು ಓಗನ” ಎಂದಳು.

ಅವಳ ಮನೆ ಚಿಕ್ಕದು, ತಾರಸಿಯದು. ತಾಯಿ ಮುದ್ದೆ ಕಟ್ಟಿ ಉಪ್ಪೆಸರು ಮಾಡಿದ್ದರು. ನನ್ನನ್ನು ಮಂಚದ ಮೇಲೆ ಕೂರಿಸಲು ನೋಡಿದರು, ನಾನು ಕೆಳಗೇ ಕೂತೆ. ಮುದ್ದೆ ಮುರಿಯುತ್ತ ಇದ್ದಕ್ಕಿದ್ದಂತೆ ಒಂದು ನೆನಪು ಬಂತು. ಇನ್‌ಸ್ಟಿಟ್ಯೂಟಿನಲ್ಲಿ ಕ್ಲಾಸು ಮುಗಿದ ಮೇಲೆ ಬಸ್ಸಿಗೆ ಹೊತ್ತಿದ್ದರೆ ಹುಡುಗಿಯರೆಲ್ಲ ನಮ್ಮ ನಡುಮನೆಯಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ನಾನು ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದೆ. ಚಿಕ್ಕತಾಯಿ ಮಾತ್ರ ಎರಡು ವರ್ಷವೂ ಹೊರಗಿನ ಮಹಡಿ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಹುಡುಗಿಗೆ ಗಾಳಿ ಇಷ್ಟ ಎಂದು ನಾನು ಅಂದುಕೊಂಡಿದ್ದೆ. ಯಾರಾದರೂ ಕೇಳಿದ್ದರೆ ಹಾಗೇ ಹೇಳುತ್ತಿದ್ದೆ ಕೂಡ.

ಕೇಳಬಾರದಿತ್ತೇನೋ, ಕೇಳಿದೆ. “ಆಗ ಮೆಟ್ಟಿಲ ಮೇಲೆ ಯಾಕೆ ಕೂತು ಉಣ್ಣುತ್ತಿದ್ದೆ ಚಿಕ್ಕತಾಯಿ?”

ಅವಳು ಸಾರಿನ ಸೌಟನ್ನು ನನ್ನ ತಟ್ಟೆಯ ಕಡೆಗೆ ತಂದಿದ್ದಳು. ಕೈ ತಡೆಯಲಿಲ್ಲ.

“ನೀವು ಒಳಿಕ್ಕೆ ಕರೀನಿಲ್ವಲ್ಲ ಮೇಡಂ” ಎಂದು ಸಾರು ಬಡಿಸಿ, ತಾಯಿಯ ತಟ್ಟೆಯ ಕಡೆಗೆ ಹೋದಳು.